ಇಳಿಯದ ಬಿಪಿ ಮತ್ತು ಕಿಡ್ನಿಗೆ ಹೋಗುವ ರಕ್ತನಾಳ

(ಕೊಡಗಿನ ಗೋಣಿಕೊಪ್ಪಲಿನಲ್ಲಿ ವೈದ್ಯರೊಬ್ಬರು ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಬಿಪಿ ಎಂದ ಕೂಡಲೇ ನಮಗೆ ಹೃದಯ ನೆನಪಾಗುತ್ತದೆ. ಆಮೇಲೆ ಉಪ್ಪು, ಟೆನ್ಷನ್, ವಯಸ್ಸು. ಕಿಡ್ನಿಯ ಹೆಸರು ಬರುವುದು ಕೊನೆಗೆ, ಅದೂ ‘ಬಿಪಿ ಹೀಗೇ ಬಿಟ್ಟರೆ ಕಿಡ್ನಿ ಹೋಗುತ್ತದೆ’ ಎಂದು ಹೆದರಿಸುವಾಗ. ಅದು ನಿಜವೇ. ಆದರೆ ಅದೇ ದಾರಿಯಲ್ಲಿ ಎದುರು ದಿಕ್ಕಿನಿಂದಲೂ ತೊಂದರೆ ಬರುತ್ತದೆ. ಕಿಡ್ನಿಗೆ ರಕ್ತ ಒಯ್ಯುವ ನಾಳ ಕಿರಿದಾದರೆ ಕಿಡ್ನಿಯೇ ಇಡೀ ದೇಹದ ಬಿಪಿಯನ್ನು ಏರಿಸುತ್ತದೆ. ಇವತ್ತಿನ ಮಾತು ಅದರ ಬಗ್ಗೆ.

ಶುರುವಿನಲ್ಲೇ ಒಂದು ವಿಷಯ ಹೇಳಿಬಿಡುತ್ತೇನೆ. ಇಲ್ಲಿ ಕುಳಿತವರಲ್ಲಿ ತುಂಬಾ ಜನ ಬಿಪಿ ಮಾತ್ರೆ ತೆಗೆದುಕೊಳ್ಳುವವರು ಇದ್ದೀರಿ. ನಿಮ್ಮಲ್ಲಿ ಹೆಚ್ಚಿನವರಿಗೆ ಈ ಕಾಯಿಲೆ ಇಲ್ಲ. ಬಿಪಿ ಇರುವ ನೂರು ಜನರಲ್ಲಿ ಒಬ್ಬರಿಂದ ಐದು ಜನರಿಗೆ ಕಾರಣ ಇದು ಎನ್ನುವುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಹಾಗಾಗಿ ನಾಳೆ ಬೆಳಿಗ್ಗೆ ಎಲ್ಲರೂ ಸ್ಕ್ಯಾನಿಂಗಿಗೆ ಓಡಬೇಡಿ. ಆದರೆ ಯಾರಿಗೆ ಇದೆಯೋ ಅವರಿಗೆ ನೋವಿಲ್ಲ, ಮೂತ್ರದಲ್ಲಿ ತೊಂದರೆಯಿಲ್ಲ, ಏನೂ ಗೊತ್ತಾಗುವುದಿಲ್ಲ. ಮಾತ್ರೆಯ ಮೇಲೆ ಮಾತ್ರೆ ಸೇರುತ್ತಾ ವರ್ಷಗಳು ಕಳೆಯುತ್ತವೆ. ನನಗೆ ಚಿಂತೆ ಇರುವುದು ಅವರದು.

ನಮ್ಮ ಎರಡು ಕಿಡ್ನಿಗಳು ಬೆನ್ನಿನ ಕಡೆ, ಪಕ್ಕೆಲುಬಿನ ಕೆಳತುದಿಯ ಹತ್ತಿರ ಇರುತ್ತವೆ. ಒಂದೊಂದೂ ಒಂದು ಮುಷ್ಟಿಯಷ್ಟು, ಉದ್ದ ಸುಮಾರು 10ರಿಂದ 12 ಸೆಂಟಿಮೀಟರ್. ಆದರೆ ಹೃದಯ ಪಂಪ್ ಮಾಡುವ ರಕ್ತದಲ್ಲಿ ಐದನೇ ಒಂದು ಭಾಗ ಈ ಎರಡಕ್ಕೇ ಹೋಗುತ್ತದೆ. ನಿಮಿಷಕ್ಕೆ ಒಂದು ಲೀಟರಿನಷ್ಟು. ದೇಹದಲ್ಲಿ ರಕ್ತದ ಒತ್ತಡ ಎಷ್ಟಿರಬೇಕು, ಉಪ್ಪು ನೀರು ಎಷ್ಟು ಉಳಿಯಬೇಕು ಎಂದು ನೋಡಿಕೊಳ್ಳುವ ಕೆಲಸದಲ್ಲಿ ಕಿಡ್ನಿಗೆ ದೊಡ್ಡ ಪಾಲು ಇದೆ. ಅಷ್ಟು ರಕ್ತ ತನ್ನ ಮೂಲಕ ಹರಿಯುವುದರಿಂದಲೇ ಅದಕ್ಕೆ ಒತ್ತಡದ ಅಂದಾಜು ಸಿಗುತ್ತದೆ.

ಈಗ ನಾಳ ಕಿರಿದಾಯಿತು ಎಂದುಕೊಳ್ಳಿ. ಏನಾಗುತ್ತದೆ ಎನ್ನುವುದನ್ನು ತೋಟದವರಿಗೆ ನಾನು ಹೀಗೆ ಹೇಳುತ್ತೇನೆ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬರದಿದ್ದರೆ ರೋಬಸ್ಟಾ ಕಾಫಿಗೆ ಕೆರೆಯಿಂದ ಮೋಟಾರ್ ಇಟ್ಟು ಸ್ಪ್ರಿಂಕ್ಲರ್ ಹೊಡೆಯುತ್ತೇವೆ, ಅಲ್ವಾ? ತೋಟದ ತುದಿಯಲ್ಲಿ ಜೆಟ್ ಹತ್ತಿರ ಒಬ್ಬ ನಿಂತಿದ್ದಾನೆ. ಅವನ ಕಡೆಗೆ ಬರುವ ಪೈಪಿನೊಳಗೆ ಮಾತ್ರ ಕಸ ಕಟ್ಟಿದೆ. ನೀರು ಹಾರುತ್ತಿಲ್ಲ. ಅವನಿಗೆ ಮೋಟಾರೂ ಕಾಣುವುದಿಲ್ಲ, ಬೇರೆ ಪೈಪುಗಳೂ ಕಾಣುವುದಿಲ್ಲ. ‘ಪ್ರೆಶರ್ ಸಾಲದು, ಜಾಸ್ತಿ ಮಾಡಿ’ ಎಂದು ಕೂಗುತ್ತಾನೆ. ಕೆರೆ ಹತ್ತಿರ ಇರುವವನು ಜಾಸ್ತಿ ಮಾಡುತ್ತಾನೆ. ತುದಿಯಲ್ಲಿ ನೀರು ಸ್ವಲ್ಪ ಸುಧಾರಿಸುತ್ತದೆ, ಆದರೆ ಉಳಿದ ಕಡೆಯೆಲ್ಲ ಜಾಯಿಂಟ್‌ಗಳು ಬಿಚ್ಚಿಕೊಳ್ಳುತ್ತವೆ. ತುದಿಯವನು ಸುಳ್ಳು ಹೇಳಲಿಲ್ಲ. ಅವನಿಗೆ ಕಂಡದ್ದನ್ನು ಹೇಳಿದ.

ಕಿಡ್ನಿ ಕೂಗುವುದು ರೆನಿನ್ ಎಂಬ ವಸ್ತುವಿನ ಮೂಲಕ. ಇದನ್ನು 1898ರಲ್ಲಿ ಸ್ಟಾಕ್‌ಹೋಮಿನಲ್ಲಿ ಟಿಗರ್‌ಸ್ಟೆಡ್ ಮತ್ತು ಬರ್ಗ್‌ಮನ್ ಎಂಬ ಇಬ್ಬರು ಮೊಲದ ಕಿಡ್ನಿಯ ರಸದಲ್ಲಿ ಕಂಡುಹಿಡಿದರು. ಆ ರಸವನ್ನು ಬೇರೆ ಮೊಲಕ್ಕೆ ಚುಚ್ಚಿದಾಗ ಅದರ ಬಿಪಿ ಏರಿತು. ರೆನಿನ್ ರಕ್ತಕ್ಕೆ ಬಿದ್ದಾಗ, ಲಿವರಿನಿಂದ ಬಂದ ಒಂದು ಪ್ರೋಟೀನನ್ನು ಕತ್ತರಿಸಿ ಆಂಜಿಯೋಟೆನ್ಸಿನ್-1 ಮಾಡುತ್ತದೆ. ಅದು ಶ್ವಾಸಕೋಶದ ಮೂಲಕ ಹೋಗುವಾಗ ಅಲ್ಲಿನ ಕಿಣ್ವವೊಂದು ಅದನ್ನು ಆಂಜಿಯೋಟೆನ್ಸಿನ್-2 ಆಗಿ ಬದಲಿಸುತ್ತದೆ. ಈ ಎರಡನೆಯದೇ ಜೋರಿನದು. ಮೈಯೆಲ್ಲದರ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಜೊತೆಗೆ ಕಿಡ್ನಿಯ ಮೇಲಿರುವ ಪುಟ್ಟ ಗ್ರಂಥಿಯಿಂದ ಆಲ್ಡೋಸ್ಟೆರೋನ್ ಬಿಡಿಸುತ್ತದೆ. ಅದು ಉಪ್ಪು ನೀರನ್ನು ದೇಹದಲ್ಲಿ ಹಿಡಿದಿಡುತ್ತದೆ, ಪೊಟ್ಯಾಷಿಯಂ ಅನ್ನು ಹೊರಗೆ ಹಾಕುತ್ತದೆ. ಕೆಲವರ ರಕ್ತ ಪರೀಕ್ಷೆಯಲ್ಲಿ ಪೊಟ್ಯಾಷಿಯಂ ಕಡಿಮೆ ಕಾಣುವುದು ಇದರಿಂದ.

ನಾಳ ಸ್ವಲ್ಪ ಕಿರಿದಾದರೆ ಇಷ್ಟೆಲ್ಲ ನಡೆಯುವುದಿಲ್ಲ. ಸುಮಾರು ಶೇಕಡಾ 60-70ರಷ್ಟು ಮುಚ್ಚಿದ ಮೇಲೆಯೇ ಕಿಡ್ನಿಗೆ ಕೊರತೆ ಗೊತ್ತಾಗುವುದು. ಈ ಅಂಕಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ನಾಳ ಕಿರಿದಾದರೆ ಬಿಪಿ ಏರುತ್ತದೆ ಎನ್ನುವುದನ್ನು ಸಾಬೀತು ಮಾಡಿದವರು ಅಮೆರಿಕದ ಕ್ಲೀವ್‌ಲ್ಯಾಂಡಿನ ಹ್ಯಾರಿ ಗೋಲ್ಡ್‌ಬ್ಲಾಟ್. ಹೆಚ್ಚು ಬಿಪಿಯಿಂದ ಸತ್ತವರ ಶವಪರೀಕ್ಷೆಯಲ್ಲಿ ಅವರು ಕಿಡ್ನಿಯ ರಕ್ತನಾಳಗಳು ಕಿರಿದಾಗಿರುವುದನ್ನು ನೋಡಿದರು. ಆಗಿನವರು ಬಿಪಿಯಿಂದಲೇ ನಾಳ ಕೆಟ್ಟಿದೆ ಎನ್ನುತ್ತಿದ್ದರು. ಗೋಲ್ಡ್‌ಬ್ಲಾಟ್ ಕೇಳಿದ್ದು, ನಾಳ ಕೆಟ್ಟದ್ದರಿಂದಲೇ ಬಿಪಿ ಬಂದಿದ್ದರೆ? ನಾಯಿಗಳ ಕಿಡ್ನಿಯ ನಾಳಕ್ಕೆ ಬೆಳ್ಳಿಯ ಚಿಕ್ಕ ಕ್ಲ್ಯಾಂಪ್ ಹಾಕಿ ಬೇಕಾದಷ್ಟು ಮಾತ್ರ ಬಿಗಿ ಮಾಡಿದರು. ಬಿಪಿ ಏರಿ ಅಲ್ಲೇ ನಿಂತಿತು. ಇದು ಪ್ರಕಟವಾದದ್ದು 1934ರಲ್ಲಿ. ಬಿಪಿಗೆ ಒಂದು ಕಾರಣವನ್ನು ಬೆರಳಿಟ್ಟು ತೋರಿಸಿದ ಪ್ರಯೋಗ ಅದು.

ಆದರೆ ಆಮೇಲೆ ನಡೆದದ್ದನ್ನೂ ಹೇಳಬೇಕು. ಕಾರಣ ಸಿಕ್ಕಿತು ಎಂದ ಕೂಡಲೇ ಹಲವು ಕಡೆ ಬಿಪಿ ಇರುವವರಲ್ಲಿ ಒಂದು ಕಿಡ್ನಿ ಚಿಕ್ಕದಾಗಿ ಕಂಡರೆ ಸಾಕು, ಅದನ್ನು ತೆಗೆದುಹಾಕಲು ಶುರು ಮಾಡಿದರು. 1956ರಲ್ಲಿ ಹೋಮರ್ ಸ್ಮಿತ್ ಎಂಬ ಕಿಡ್ನಿ ತಜ್ಞರು ಹಾಗೆ ಕಿಡ್ನಿ ತೆಗೆಸಿಕೊಂಡವರ ಲೆಕ್ಕ ನೋಡಿದರು. ಬಿಪಿ ಸರಿಯಾದದ್ದು ಸುಮಾರು ಕಾಲುಭಾಗದವರಿಗೆ ಮಾತ್ರ. ಉಳಿದವರು ಕಿಡ್ನಿಯನ್ನೂ ಕಳೆದುಕೊಂಡರು, ಬಿಪಿಯೂ ಹಾಗೇ ಉಳಿಯಿತು. ನನ್ನ ಇವತ್ತಿನ ಮಾತಿನ ತಿರುಳು ಇದೇ. ನಾಳ ಕಿರಿದಾಗಿದೆ ಎನ್ನುವುದು ಒಂದು ವಿಷಯ. ಅದೇ ಈ ಮನುಷ್ಯನ ಬಿಪಿಗೆ ಕಾರಣ ಎನ್ನುವುದು ಇನ್ನೊಂದು. ಎರಡನ್ನೂ ಬೇರೆ ಬೇರೆಯಾಗಿ ಕೇಳಬೇಕು.

ಇಲ್ಲಿ ಒಂದು ಸಣ್ಣ ಬದಿದಾರಿ. ನಮ್ಮ ತೋಟಗಳಲ್ಲಿ ಕಾಫಿ ಗಿಡದ ಕೊಂಬೆಯ ಮೇಲೆ ಹಸಿರು ಗುಳಿಮಂಡಲ ಹಾವು ಕೂತಿರುವುದನ್ನು ಹಣ್ಣು ಕೀಳುವವರು ನೋಡಿರುತ್ತೀರಿ. ಬ್ರೆಜಿಲಿನಲ್ಲಿ ಇದರ ದೂರದ ನೆಂಟ ಒಂದಿದೆ, ಜರರಾಕ ಎನ್ನುತ್ತಾರೆ. ಅದು ಕಚ್ಚಿದವರ ಬಿಪಿ ದಡಕ್ಕನೆ ಕುಸಿಯುತ್ತದೆ. ಸೆರ್ಜಿಯೊ ಫೆರೀರಾ ಎಂಬ ಬ್ರೆಜಿಲಿನ ವಿಜ್ಞಾನಿ ಅದರ ವಿಷದಲ್ಲಿರುವ ವಸ್ತುಗಳ ಮೇಲೆ ಕೆಲಸ ಮಾಡಿದರು. ನಾನು ಆಗ ಹೇಳಿದ ಶ್ವಾಸಕೋಶದ ಕಿಣ್ವವನ್ನು ಆ ವಸ್ತುಗಳು ತಡೆಯುತ್ತವೆ ಎಂದು ಗೊತ್ತಾಯಿತು. ಅದರ ಜಾಡು ಹಿಡಿದು ಕುಶ್‌ಮನ್ ಮತ್ತು ಒಂಡೆಟಿ ಎಂಬ ಇಬ್ಬರು ಕ್ಯಾಪ್ಟೊಪ್ರಿಲ್ ಎಂಬ ಮಾತ್ರೆ ಮಾಡಿದರು. 1981ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಇವತ್ತು ನಿಮ್ಮಲ್ಲಿ ಕೆಲವರು ನುಂಗುವ ಎನಲಾಪ್ರಿಲ್, ರಾಮಿಪ್ರಿಲ್ ಅದೇ ಮನೆತನದವು. ಲೋಸಾರ್ಟನ್, ಟೆಲ್ಮಿಸಾರ್ಟನ್ ಅದೇ ಸರಪಳಿಯ ಇನ್ನೊಂದು ಕೊಂಡಿಯನ್ನು ಹಿಡಿಯುತ್ತವೆ. ಕೋಟಿಗಟ್ಟಲೆ ಜನರ ಜೀವ ಉಳಿಸಿದ ಮಾತ್ರೆಗಳಿವು.

ನಾಳ ಕಿರಿದಾಗುವುದು ಯಾಕೆ? ವಯಸ್ಸಾದವರಲ್ಲಿ ಬಹುಪಾಲು ಕೊಬ್ಬು ಕಟ್ಟಿಕೊಳ್ಳುವುದರಿಂದ. ಹೃದಯದ ನಾಳದಲ್ಲಿ, ಕಾಲಿನ ನಾಳದಲ್ಲಿ ಕಟ್ಟಿಕೊಳ್ಳುವ ಅದೇ ಕೊಬ್ಬು. ಸಿಗರೇಟು, ಬೀಡಿ, ಸಕ್ಕರೆ ಕಾಯಿಲೆ, ಕೊಲೆಸ್ಟ್ರಾಲ್ ಇದಕ್ಕೆ ದಾರಿ. ಇನ್ನೊಂದು ಬಗೆಯಲ್ಲಿ ನಾಳದ ಗೋಡೆಯೇ ಅಲ್ಲಲ್ಲಿ ದಪ್ಪವಾಗಿ, ಉಬ್ಬು ತಗ್ಗಾಗಿ ಬೆಳೆಯುತ್ತದೆ. ಇದು ಹೆಚ್ಚಾಗಿ ಹೆಂಗಸರಲ್ಲಿ, ನಡುವಯಸ್ಸಿನ ಒಳಗೆ ಕಾಣುತ್ತದೆ. ಮೂರನೆಯದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ದೇಶದಲ್ಲಿ ಎಳೆಯ ಹೆಣ್ಣುಮಕ್ಕಳಲ್ಲಿ ಇದನ್ನು ಮರೆಯುವ ಹಾಗಿಲ್ಲ.

ಅದರ ಹೆಸರು ಟಕಯಾಸು ಕಾಯಿಲೆ. 1908ರಲ್ಲಿ ಮಿಕಿಟೊ ಟಕಯಾಸು ಎಂಬ ಜಪಾನಿನ ಕಣ್ಣಿನ ಡಾಕ್ಟರು ಒಬ್ಬ ಯುವತಿಯ ಕಣ್ಣಿನೊಳಗಿನ ರಕ್ತನಾಳಗಳು ವಿಚಿತ್ರವಾಗಿ ಸುತ್ತಿಕೊಂಡಿರುವುದನ್ನು ವರದಿ ಮಾಡಿದರು. ಹೃದಯದಿಂದ ಹೊರಡುವ ದೊಡ್ಡ ನಾಳ ಮತ್ತು ಅದರ ಕವಲುಗಳಲ್ಲಿ ಉರಿಯೂತ ಬಂದು, ಗೋಡೆ ದಪ್ಪವಾಗಿ, ದಾರಿ ಕಿರಿದಾಗುವ ಕಾಯಿಲೆ ಇದು. ಕೈಗೆ ಹೋಗುವ ನಾಳ ಕಿರಿದಾದರೆ ಆ ಕೈಯಲ್ಲಿ ನಾಡಿ ಕ್ಷೀಣವಾಗುತ್ತದೆ, ಕೆಲವೊಮ್ಮೆ ಸಿಗುವುದೇ ಇಲ್ಲ. ಕಿಡ್ನಿಯ ನಾಳ ಕಿರಿದಾದರೆ ಬಿಪಿ.

ನಾನು ನೋಡಿದ ಒಬ್ಬ ಹುಡುಗಿಯ ಉದಾಹರಣೆ ಕೊಡುತ್ತೇನೆ. ವಯಸ್ಸು ಇಪ್ಪತ್ತರ ಆಸುಪಾಸು. ತಲೆನೋವು, ಸುಸ್ತು, ಆಗಾಗ ಸಣ್ಣ ಜ್ವರ. ಮನೆಯವರು ಕಣ್ಣಿಗೆ ಕನ್ನಡಕ ಬೇಕೇನೋ ಎಂದುಕೊಂಡಿದ್ದರು. ಒಂದೆರಡು ಕಡೆ ಬಿಪಿ ನೋಡಿಸಿದ್ದರು, ನಾರ್ಮಲ್ ಇತ್ತು. ನೋಡಿದ್ದು ಎಡಗೈಯಲ್ಲಿ. ಬಲಗೈಗೆ ಪಟ್ಟಿ ಕಟ್ಟಿದಾಗ ಮೇಲಿನ ಅಂಕಿ 180 ದಾಟಿತ್ತು. ಎಡಗೈಯ ನಾಳ ಕಿರಿದಾಗಿದ್ದರಿಂದ ಆ ಕೈ ಒಳಗಿನ ನಿಜವಾದ ಒತ್ತಡವನ್ನು ತೋರಿಸುತ್ತಲೇ ಇರಲಿಲ್ಲ. ಮೈಸೂರಿಗೆ ಕಳಿಸಿ ಸಿಟಿ ಆಂಜಿಯೋಗ್ರಾಮ್, ಅಂದರೆ ಡೈ ಹಾಕಿ ರಕ್ತನಾಳಗಳನ್ನು ನೋಡುವ ಸ್ಕ್ಯಾನ್, ಮಾಡಿಸಿದಾಗ ಒಂದು ಕಿಡ್ನಿಯ ನಾಳವೂ ತೀರಾ ಸಣ್ಣದಾಗಿತ್ತು. ಮೊದಲು ಸ್ಟಿರಾಯ್ಡ್ ಕೊಟ್ಟು ಉರಿಯೂತ ತಣ್ಣಗಾಗುವವರೆಗೆ ಕಾದರು. ಆಮೇಲೆ ಬಲೂನ್ ಹಾಕಿ ನಾಳ ಹಿಗ್ಗಿಸಿದರು. ಉರಿಯೂತ ಜೋರಾಗಿರುವಾಗ ಬಲೂನ್ ಹಾಕಿದರೆ ನಾಳ ಮತ್ತೆ ಮುಚ್ಚಿಕೊಳ್ಳುವುದು ಜಾಸ್ತಿ. ಈಗ ಆಕೆಗೆ ಕಡಿಮೆ ಮಾತ್ರೆ ಸಾಕಾಗುತ್ತದೆ.

ನಾನು ಬೇಡಿಕೊಳ್ಳುವುದು ಒಂದೇ. ಮೊದಲ ಸಲ ಬಿಪಿ ನೋಡಿಸುವಾಗ ಎರಡೂ ಕೈಯಲ್ಲಿ ನೋಡಲು ಹೇಳಿ. ಎರಡು ನಿಮಿಷ ಜಾಸ್ತಿ ಹಿಡಿಯುತ್ತದೆ, ಅಷ್ಟೇ. ಎರಡರ ನಡುವೆ ಪ್ರತಿ ಸಲವೂ 15ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಡಾಕ್ಟರಿಗೆ ಅದನ್ನು ತೋರಿಸಿ.

ಹಾಗಾದರೆ ಯಾರ ಬಿಪಿಯಲ್ಲಿ ಕಿಡ್ನಿಯ ನಾಳದ ಬಗ್ಗೆ ಯೋಚಿಸಬೇಕು? 30 ವರ್ಷದೊಳಗೆ ಬಿಪಿ ಶುರುವಾದವರಲ್ಲಿ. 55 ದಾಟಿದ ಮೇಲೆ ಹೊಸದಾಗಿ, ಅದೂ ಜೋರಾಗಿ ಬಂದವರಲ್ಲಿ. ವರ್ಷಗಳಿಂದ ಹತೋಟಿಯಲ್ಲಿದ್ದು ಕಾರಣವಿಲ್ಲದೆ ಕೈ ಮೀರಿದವರಲ್ಲಿ. ಮೂತ್ರ ಹೋಗಿಸುವ ಮಾತ್ರೆಯೂ ಸೇರಿ ಮೂರು ಬಗೆಯ ಮಾತ್ರೆಗಳನ್ನು ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡರೂ ಇಳಿಯದವರಲ್ಲಿ. ‘ತೆಗೆದುಕೊಂಡರೂ’ ಎನ್ನುವ ಮಾತಿಗೆ ಒತ್ತು ಕೊಡುತ್ತೇನೆ. ಇಳಿಯದ ಬಿಪಿ ಎಂದು ಬರುವವರಲ್ಲಿ ತುಂಬಾ ಜನ ಮಾತ್ರೆಯನ್ನು ಸರಿಯಾಗಿ ನುಂಗುತ್ತಿರುವುದಿಲ್ಲ, ಅಥವಾ ಬೆಟ್ಟ ಹತ್ತಿ ಬಂದು, ಒಂದು ಲೋಟ ಕಾಫಿ ಕುಡಿದು, ಕೂತ ಕೂಡಲೇ ಬಿಪಿ ನೋಡಿಸಿರುತ್ತಾರೆ. ಐದು ನಿಮಿಷ ಸುಮ್ನೆ ಕೂರಿ. ಕಾಫಿ ಕುಡಿದು ಅರ್ಧ ಗಂಟೆಯಾಗಿರಲಿ. ಮನೆಯಲ್ಲಿ ನೋಡಿದ ಅಂಕಿ 135/85ರ ಒಳಗೆ ಇದ್ದರೆ ನಿಮ್ಮದು ಇಳಿಯದ ಬಿಪಿ ಅಲ್ಲ.

ಇನ್ನೊಂದು ಸುಳಿವು ತುಂಬಾ ಗಂಭೀರವಾದದ್ದು. ರಾತ್ರಿ ಇದ್ದಕ್ಕಿದ್ದಂತೆ ಉಸಿರು ಕಟ್ಟಿ, ಶ್ವಾಸಕೋಶದಲ್ಲಿ ನೀರು ತುಂಬಿ ಆಸ್ಪತ್ರೆಗೆ ಸೇರುತ್ತಾರೆ. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿದರೆ ಪಂಪಿಂಗ್ ಚೆನ್ನಾಗಿಯೇ ಇರುತ್ತದೆ. ಮತ್ತೆ ಹಾಗೇ ಆಗುತ್ತದೆ. ಇಂಥವರಲ್ಲಿ ಎರಡೂ ಕಿಡ್ನಿಯ ನಾಳಗಳನ್ನು ನೋಡಲೇಬೇಕು.

ಪರೀಕ್ಷೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾಳದಲ್ಲಿ ರಕ್ತ ಹರಿಯುವುದನ್ನು ಶಬ್ದತರಂಗದಿಂದ ನೋಡುವ ಡಾಪ್ಲರ್ ಸ್ಕ್ಯಾನ್ ಸಾಮಾನ್ಯವಾಗಿ ಮೊದಲು. ಸೂಜಿ ಬೇಡ, ಆದರೆ ಮಾಡುವವರ ಕೈ ಪಳಗಿರಬೇಕು, ಹೊಟ್ಟೆ ದಪ್ಪ ಇದ್ದರೆ ಕಷ್ಟ. ಎರಡು ಕಿಡ್ನಿಗಳ ಉದ್ದದಲ್ಲಿ ಒಂದೂವರೆ ಸೆಂಟಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಅದೂ ಸುಳಿವು. ಸಿಟಿ ಆಂಜಿಯೋಗ್ರಾಮ್ ಸ್ಪಷ್ಟ ಚಿತ್ರ ಕೊಡುತ್ತದೆ, ಆದರೆ ಅದಕ್ಕೆ ಹಾಕುವ ಡೈ ದುರ್ಬಲ ಕಿಡ್ನಿಗೆ ಹೊರೆಯಾಗಬಹುದು. ಕ್ರಿಯಾಟಿನಿನ್ ಎಷ್ಟಿದೆ ಎಂದು ಮೊದಲೇ ಹೇಳಿ. ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ ಅದು, ಕಿಡ್ನಿ ಸೋತರೆ ರಕ್ತದಲ್ಲಿ ಅದರ ಅಂಕಿ ಏರುತ್ತದೆ.

ಈಗ ಮಾತ್ರೆಯ ವಿಷಯ. ಇಲ್ಲಿ ದಯವಿಟ್ಟು ಗಮನ ಕೊಟ್ಟು ಕೇಳಿ. ಅರವತ್ತೈದು ದಾಟಿದ ಒಬ್ಬ ಬೆಳೆಗಾರರು, ವರ್ಷಗಳಿಂದ ಸಿಗರೇಟು ಸೇದುವವರು. ತೋಟದ ಏರು ಹತ್ತುವಾಗ ಮೀನಖಂಡ ಹಿಡಿದುಕೊಳ್ಳುತ್ತಿತ್ತು, ನಿಂತರೆ ಬಿಡುತ್ತಿತ್ತು. ಬಿಪಿಗೆ ಟೆಲ್ಮಿಸಾರ್ಟನ್ ಸೇರಿಸಿದರು. ಎರಡು ವಾರಕ್ಕೆ ರಕ್ತ ಪರೀಕ್ಷೆ ಮಾಡಿದಾಗ ಕ್ರಿಯಾಟಿನಿನ್ 1.3ರಿಂದ 2.1ಕ್ಕೆ ಹೋಗಿತ್ತು. ಎರಡೂ ಕಡೆಯ ನಾಳಗಳು ಕಿರಿದಾಗಿದ್ದವು.

ಯಾಕೆ ಹೀಗಾಗುತ್ತದೆ? ಒಳಬರುವ ರಕ್ತ ಕಡಿಮೆಯಾದಾಗ, ಕಿಡ್ನಿ ತನ್ನ ಸೋಸುವ ಜಾಗದಲ್ಲಿ ಒತ್ತಡ ಉಳಿಸಿಕೊಳ್ಳಲು ಹೊರಹೋಗುವ ಬಾಗಿಲನ್ನು ಬಿಗಿ ಮಾಡಿರುತ್ತದೆ. ಆ ಬಿಗಿ ಕೊಡುವುದು ಆಂಜಿಯೋಟೆನ್ಸಿನ್-2. ಮಾತ್ರೆ ಅದನ್ನು ತಡೆದಾಗ ಹೊರಬಾಗಿಲು ಸಡಿಲವಾಗಿ, ಸೋಸುವ ಒತ್ತಡ ಬೀಳುತ್ತದೆ. ಒಂದೇ ಕಡೆ ಕಿರಿದಾಗಿದ್ದರೆ ಇನ್ನೊಂದು ಕಿಡ್ನಿ ತೂಗಿಸಿಕೊಳ್ಳುತ್ತದೆ. ಎರಡೂ ಕಡೆ ಆದರೆ, ಅಥವಾ ಇರುವುದೇ ಒಂದು ಕಿಡ್ನಿಯಾದರೆ, ಕ್ರಿಯಾಟಿನಿನ್ ಏರುತ್ತದೆ. ಆ ಮಾತ್ರೆ ನಿಲ್ಲಿಸಿದ ಮೇಲೆ ಆ ಬೆಳೆಗಾರರ ಕ್ರಿಯಾಟಿನಿನ್ ಇಳಿಯಿತು.

ಇದನ್ನು ಕೇಳಿ ಮನೆಗೆ ಹೋಗಿ ಮಾತ್ರೆ ಬಿಸಾಡಬೇಡಿ. ಹೆಸರಿನ ಕೊನೆಗೆ ಪ್ರಿಲ್ ಅಥವಾ ಸಾರ್ಟನ್ ಎಂದಿರುವ ಈ ಮಾತ್ರೆಗಳು ಕಿರಿದಾದ ನಾಳ ಇರುವ ಎಷ್ಟೋ ಜನರಿಗೂ ಒಳ್ಳೆಯದನ್ನೇ ಮಾಡುತ್ತವೆ, ಏಕೆಂದರೆ ಅವು ಕೆಲಸ ಮಾಡುವುದು ಆ ಸರಪಳಿಯ ಮೇಲೆಯೇ. ಶೇಕಡಾ 30ರವರೆಗೆ ಕ್ರಿಯಾಟಿನಿನ್ ಏರಿದರೆ ಸಾಮಾನ್ಯವಾಗಿ ಒಪ್ಪಿಕೊಂಡು ಮುಂದುವರಿಸುತ್ತೇವೆ. ಅದಕ್ಕಿಂತ ಜಾಸ್ತಿ ಏರಿದರೆ ಯಾಕೆ ಎಂದು ಹುಡುಕುತ್ತೇವೆ. ನೀವು ಮಾಡಬೇಕಾದದ್ದು, ಈ ಗುಂಪಿನ ಮಾತ್ರೆ ಶುರು ಮಾಡಿದ ಅಥವಾ ಹೆಚ್ಚಿಸಿದ ಒಂದೆರಡು ವಾರದಲ್ಲಿ ಕ್ರಿಯಾಟಿನಿನ್ ಮತ್ತು ಪೊಟ್ಯಾಷಿಯಂ ಪರೀಕ್ಷೆ ಮಾಡಿಸುವುದು. ನಮ್ಮ ತಾಲೂಕು ಮಟ್ಟದಲ್ಲೇ ಆಗುವ ಪರೀಕ್ಷೆ ಇದು. ಮಗು ಬೇಕೆಂದುಕೊಂಡಿರುವ ಹೆಣ್ಣುಮಕ್ಕಳು ಮೊದಲೇ ಡಾಕ್ಟರಿಗೆ ಹೇಳಿ. ಗರ್ಭಿಣಿಯರು ಈ ಗುಂಪಿನ ಮಾತ್ರೆ ತೆಗೆದುಕೊಳ್ಳಬಾರದು, ಬೇರೆ ಮಾತ್ರೆಗಳಿವೆ.

ಮಳೆಗಾಲದ ವಾಂತಿ ಭೇದಿ ಬಂದಾಗಲೂ ಹೀಗೆಯೇ. ಮೈಯಲ್ಲಿ ನೀರು ಕಡಿಮೆಯಾಗಿರುವಾಗ ಈ ಮಾತ್ರೆ ಮತ್ತು ಮೂತ್ರದ ಮಾತ್ರೆ ಎರಡೂ ಕಿಡ್ನಿಗೆ ಕಷ್ಟ ಕೊಡುತ್ತವೆ. ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ, ನಿಲ್ಲಿಸಬೇಕೇ ಎಂದು ಕೇಳಿ. ಇನ್ನು ನೋವಿನ ಮಾತ್ರೆ. ಕಾಫಿ ಕೊಯ್ಲಿನ ಸಮಯದಲ್ಲಿ ಲೈನ್ ಮನೆಗಳಲ್ಲಿ ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ದಿನಾ ನುಂಗುವವರಿದ್ದಾರೆ. ಇದು ಬಿಪಿ ಏರಿಸುತ್ತದೆ, ಕಿಡ್ನಿಗೆ ಬರುವ ರಕ್ತವನ್ನೂ ತಗ್ಗಿಸುತ್ತದೆ. ಈ ಗುಂಪಿನ ಬಿಪಿ ಮಾತ್ರೆ, ಮೂತ್ರದ ಮಾತ್ರೆ, ನೋವಿನ ಮಾತ್ರೆ ಮೂರೂ ಸೇರಿದರೆ ಆರೋಗ್ಯವಾಗಿದ್ದ ಕಿಡ್ನಿಯೂ ಸೋಲಬಹುದು. ತೋಟದ ಮಾಲೀಕರು ಇಲ್ಲಿದ್ದೀರಿ. ನಿಮ್ಮ ಕೆಲಸದವರಿಗೂ ಇದನ್ನು ಹೇಳಿ.

ಉಪ್ಪಿನ ಬಗ್ಗೆ ಹೇಳದೆ ಹೋದರೆ ಕೊಡಗಿನಲ್ಲಿ ಮಾತಾಡಿದ ಹಾಗಾಗುವುದಿಲ್ಲ. ದಿನಕ್ಕೆ 5 ಗ್ರಾಂ ಒಳಗೆ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು, ಅಂದರೆ ಸುಮಾರು ಒಂದು ಚಹಾ ಚಮಚ, ಎಲ್ಲ ಅಡುಗೆಯೂ ಸೇರಿ. ಮಳೆಗಾಲದಲ್ಲಿ ನಮ್ಮ ಊಟವೇ ಒಣಮೀನು, ಉಪ್ಪಿನಲ್ಲಿಟ್ಟ ಮಾವು, ಕಣಿಲೆ, ಹಂದಿಮಾಂಸದ ಉಪ್ಪಿನಕಾಯಿ. ಬಿಡಿ ಎಂದು ನಾನು ಹೇಳುವುದಿಲ್ಲ. ಒಣಮೀನನ್ನು ಚೆನ್ನಾಗಿ ನೆನೆಸಿ ನೀರು ಚೆಲ್ಲಿ. ಅದಿರುವ ದಿನ ಉಪ್ಪಿನಕಾಯಿ ಬೇಡ. ಪಂದಿಕರಿಗೆ ಹುಳಿ ಕೊಡುವ ಕಾಚಂಪುಳಿ ಇದ್ದೇ ಇದೆ, ಉಪ್ಪು ಸ್ವಲ್ಪ ಕಮ್ಮಿಯಾದರೂ ರುಚಿ ನಿಲ್ಲುತ್ತದೆ.

ಕೊನೆಯದಾಗಿ ಸ್ಟೆಂಟ್, ಅಂದರೆ ತೆರೆದ ನಾಳ ಮತ್ತೆ ಮುಚ್ಚದಂತೆ ಒಳಗೆ ಕೂರಿಸುವ ಜಾಲರಿಯ ಕೊಳವೆ. ಇದನ್ನು ಎಲ್ಲರೂ ಕೇಳುತ್ತೀರಿ. ಕಿಡ್ನಿಯ ನಾಳವನ್ನು ಬಲೂನಿನಿಂದ ಹಿಗ್ಗಿಸುವುದನ್ನು 1978ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್‌ಜಿಗ್ ಮಾಡಿ ತೋರಿಸಿದರು. ಆಮೇಲೆ ಸ್ಟೆಂಟ್ ಬಂತು. ಕಿರಿದಾಗಿದೆಯೇ, ತೆರೆಯಿರಿ ಎನ್ನುವುದು ಸಹಜ ತರ್ಕ. ಆದರೆ ಕೊಬ್ಬಿನಿಂದ ಕಿರಿದಾದ ನಾಳಗಳ ಮೇಲೆ ಎರಡು ದೊಡ್ಡ ಅಧ್ಯಯನಗಳು ನಡೆದವು. 2009ರಲ್ಲಿ ಬಂದ ಆಸ್ಟ್ರಲ್, 806 ಜನರ ಮೇಲೆ. 2014ರ ಕೋರಲ್, 900ಕ್ಕೂ ಹೆಚ್ಚು ಜನರ ಮೇಲೆ. ಒಳ್ಳೆಯ ಮಾತ್ರೆಗಳನ್ನಷ್ಟೇ ಪಡೆದವರಿಗೂ, ಮಾತ್ರೆಯ ಜೊತೆಗೆ ನಾಳ ತೆರೆಸಿಕೊಂಡವರಿಗೂ ಸಾವಿನಲ್ಲಿ, ಹೃದಯಾಘಾತದಲ್ಲಿ, ಕಿಡ್ನಿ ಕೆಡುವುದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಹೋಮರ್ ಸ್ಮಿತ್ ಹೇಳಿದ್ದೇ ಮತ್ತೆ ಕೇಳಿಬಂತು. ವಯಸ್ಸಾದವರಲ್ಲಿ ಕಿರಿದಾದ ನಾಳವೂ ಇರಬಹುದು, ಬೇರೆ ಕಾರಣದ ಬಿಪಿಯೂ ಇರಬಹುದು. ಶೇಕಡಾ 50 ಮುಚ್ಚಿದ ನಾಳ ಬಿಪಿಗೆ ಕಾರಣವೇ ಆಗಿರದಿರಬಹುದು. ಆಗ ಹೇಳಿದ 60-70ರ ಅಂಕಿ ನೆನಪಿದೆಯಲ್ಲ?

ಆದರೂ ಸ್ಟೆಂಟ್ ಬೇಕಾದವರು ಇದ್ದಾರೆ. ಪದೇ ಪದೇ ಶ್ವಾಸಕೋಶದಲ್ಲಿ ನೀರು ತುಂಬುವವರು, ಎರಡೂ ನಾಳ ಕಿರಿದಾಗಿ ಕಿಡ್ನಿ ಬೇಗ ಬೇಗ ಕೆಡುತ್ತಿರುವವರು, ಎಲ್ಲ ಮಾತ್ರೆಗಳಿಗೂ ಬಗ್ಗದ ಬಿಪಿ ಇರುವವರು. ಆ ಅಧ್ಯಯನಗಳಲ್ಲಿ ಇಂಥವರು ಕಡಿಮೆ ಇದ್ದರು. ನಾಳದ ಗೋಡೆ ಉಬ್ಬು ತಗ್ಗಾಗುವ ಎಳೆವಯಸ್ಸಿನ ಹೆಂಗಸರಿಗಂತೂ ಬಲೂನ್ ಒಂದೇ ಸಾಕಾಗುತ್ತದೆ, ಸ್ಟೆಂಟ್ ಬೇಕಾಗುವುದು ಅಪರೂಪ. ಅವರಲ್ಲಿ ಕೆಲವರ ಬಿಪಿ ಪೂರ್ತಿ ವಾಸಿಯಾಗಿ ಮಾತ್ರೆ ನಿಂತುಹೋಗುತ್ತದೆ.

ಆ ಬೆಳೆಗಾರರಿಗೆ ಸ್ಟೆಂಟ್ ಹಾಕಲಿಲ್ಲ. ಬೇರೆ ಗುಂಪಿನ ಮಾತ್ರೆಗಳು, ಕೊಲೆಸ್ಟ್ರಾಲಿಗೆ ಸ್ಟ್ಯಾಟಿನ್, ಆಸ್ಪಿರಿನ್, ಸಿಗರೇಟು ಪೂರ್ತಿ ಬಂದ್. ಬಿಪಿ ಹತೋಟಿಗೆ ಬಂತು, ಕ್ರಿಯಾಟಿನಿನ್ ಇಳಿದಲ್ಲೇ ನಿಂತಿದೆ. ಇನ್ನೊಬ್ಬರು, ಹೆಚ್ಚುಕಡಿಮೆ ಅದೇ ವಯಸ್ಸಿನ ಹೆಂಗಸು, ರಾತ್ರಿ ಉಸಿರು ಕಟ್ಟಿ ಎರಡು ಸಲ ಐಸಿಯು ಸೇರಿದ್ದರು. ಅವರಿಗೆ ಸ್ಟೆಂಟ್ ಹಾಕಿಸಿದೆವು. ಮತ್ತೆ ಆ ತೊಂದರೆ ಬಂದಿಲ್ಲ.

ಹಾಗಾಗಿ ಮೈಸೂರಿಗೋ ಮಂಗಳೂರಿಗೋ ಹೋದಾಗ ಸ್ಟೆಂಟ್ ಹಾಕೋಣ ಎಂದರೆ ಸಂಕೋಚಪಡದೆ ಕೇಳಿ. ಎಷ್ಟು ಶೇಕಡಾ ಮುಚ್ಚಿದೆ? ಒಂದು ಕಡೆಯೋ ಎರಡೂ ಕಡೆಯೋ? ಅದು ನನ್ನ ಬಿಪಿಗೆ ಕಾರಣ ಎಂದು ಏಕೆ ಅನ್ನಿಸುತ್ತಿದೆ? ಮಾತ್ರೆಯಲ್ಲೇ ಸಂಭಾಳಿಸಿದರೆ ಏನಾಗುತ್ತದೆ? ಹಳೆಯ ಕ್ರಿಯಾಟಿನಿನ್ ರಿಪೋರ್ಟುಗಳನ್ನು, ಮಾತ್ರೆಗಳ ಹೆಸರನ್ನು, ಮನೆಯಲ್ಲಿ ಬರೆದಿಟ್ಟ ಬಿಪಿ ಅಂಕಿಗಳನ್ನು ಒಯ್ಯಿರಿ. ನಾಳ ತೆರೆಸಿಕೊಂಡವರು ಬಿಪಿ ಇಳಿಯಿತೆಂದು ತಪಾಸಣೆ ಬಿಡಬೇಡಿ. ತಿಂಗಳುಗಳಲ್ಲೇ ಅದು ಮತ್ತೆ ಕಿರಿದಾಗಬಹುದು. ಬಿಪಿ ಮತ್ತೆ ಏರತೊಡಗಿದರೆ ಇನ್ನೊಂದು ಡಾಪ್ಲರ್ ಮಾಡಿಸಿ.